ಕೋಟೆಯ ಕಲ್ಲಿನೊಳಗೆ ಬೆಳಕು ಕಣವಾಗುತ್ತದೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಕೂತಿದೆ. ಅದರ ಮೇಲೆ 1294ರ ತೆಲುಗು ಶಾಸನವಿದೆ. ಇಷ್ಟು ದೊಡ್ಡ ಬಂಡೆಯನ್ನು ಬಂಡಿಗೆ ಹೇರಿ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ಆ ಗಟ್ಟಿ ಕಲ್ಲಿನ ಒಡಲಲ್ಲಿ ಆಗಾಗ ಬೆಳಕು ಕಣವಾಗುತ್ತದೆ, ಕಣ ಮತ್ತೆ ಬೆಳಕಾಗುತ್ತದೆ.

ಬೆಳಕಿನಿಂದ ಒಂದು ಇಲೆಕ್ಟ್ರಾನ್ ಹುಟ್ಟಬೇಕಾದರೆ ಅದರ ಪ್ರತಿಕಣ ಪಾಸಿಟ್ರಾನ್ ಕೂಡ ಜೊತೆಯಲ್ಲೇ ಹುಟ್ಟಬೇಕು. ಈ ಜೋಡಿಗೆ ತಗಲುವ ಶಕ್ತಿ ಕನಿಷ್ಠ 10.22 ಲಕ್ಷ ಇಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಹಳದಿ ಬೆಳಕಿನ ಒಂದು ಕಣದಲ್ಲಿರುವುದು ಬರೀ ಎರಡು ಚಿಲ್ಲರೆ ಇಲೆಕ್ಟ್ರಾನ್ ವೋಲ್ಟ್. ರಾಯಚೂರಿನ ಬೇಸಿಗೆಯ ಬಿಸಿಲೂ ಇದಕ್ಕೆ ಸಾಲದು. ಗಾಮಾ ಕಿರಣವೇ ಬೇಕು. ಅದೂ ಬೆಳಕೇ, ಕಸುವು ಮಾತ್ರ ಲಕ್ಷಗಟ್ಟಲೆ ಹೆಚ್ಚು.

ಆ ಗಾಮಾ ಕಲ್ಲಿನಲ್ಲೇ ಇದೆ.

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆ ಗ್ರಾನೈಟ್ ಚೂರೊಂದನ್ನು ಒಡೆದು ಬಿಸಿಲಿಗೆ ಹಿಡಿದರೆ ನಸುಗೆಂಪು ಹರಳುಗಳು ಮಿನುಗುತ್ತವೆ. ಅದು ಫೆಲ್ಡ್‌ಸ್ಪಾರ್, ಪೊಟ್ಯಾಸಿಯಂ ತುಂಬಿದ ಖನಿಜ. ಒಂದು ಗ್ರಾಂ ಪೊಟ್ಯಾಸಿಯಂನಿಂದ ಸೆಕೆಂಡಿಗೆ ಸುಮಾರು 3 ಗಾಮಾ ಕಣಗಳು ಹೊಮ್ಮುತ್ತವೆ, ಒಂದೊಂದರ ಶಕ್ತಿ 14.6 ಲಕ್ಷ ಇಲೆಕ್ಟ್ರಾನ್ ವೋಲ್ಟ್. ಅದೇ ಕಲ್ಲಿನಲ್ಲಿ ಅಲ್ಪಸ್ವಲ್ಪ ಥೋರಿಯಂ ಕೂಡ ಇರುತ್ತದೆ; ಅದು ಸವೆದು ಹುಟ್ಟುವ ಸಂತತಿಯ ಗಾಮಾ 26 ಲಕ್ಷ ಮುಟ್ಟುತ್ತದೆ. ಇವುಗಳಲ್ಲಿ ಬಹುಪಾಲು ಇಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆಯುತ್ತಾ ಸೋತು ಹೋಗುತ್ತವೆ. ಅಪರೂಪಕ್ಕೊಂದು, ಪರಮಾಣು ಬೀಜದ ತೀರಾ ಹತ್ತಿರ ಹಾಯುವಾಗ ಮಾಯವಾಗಿ, ಅದಿದ್ದ ಜಾಗದಿಂದ ಇಲೆಕ್ಟ್ರಾನ್, ಪಾಸಿಟ್ರಾನ್ ಚಿಮ್ಮುತ್ತವೆ. ಪಾಸಿಟ್ರಾನ್ ಬಾಳುವುದು ಕಣ್ಣೆವೆ ಇಕ್ಕುವಷ್ಟೂ ಹೊತ್ತಲ್ಲ. ಎದುರಾದ ಇಲೆಕ್ಟ್ರಾನ್ ಜೊತೆ ಕೂಡಿ, ಸಾಮಾನ್ಯವಾಗಿ ಎರಡು ಗಾಮಾ ಕಣಗಳಾಗಿ ಅಳಿಯುತ್ತದೆ. ಸುಮಾರು 250 ಕೋಟಿ ವರ್ಷದ ಈ ಬಂಡೆಗಳಲ್ಲಿ ವಿಕಿರಣ ಸೂಸುವ ಪೊಟ್ಯಾಸಿಯಂನ ಮುಕ್ಕಾಲು ಪಾಲು ಸವೆದಿದೆ. ಉಳಿದ ಕಾಲು ಪಾಲೇ ಇಂದಿಗೂ ಈ ಕೆಲಸ ನಡೆಸುತ್ತಿದೆ.

ವಿಜ್ಞಾನಿಗಳು ಇದನ್ನು ಗುರುತಿಸುವಲ್ಲಿ ಥೋರಿಯಂ ಕೂಡ ನೆರವಾಯಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಆಕಾಶದಿಂದ ಬರುವ ವಿಶ್ವಕಿರಣಗಳಲ್ಲಿ ಪಾಸಿಟ್ರಾನ್ ಕಂಡರು. ಮರುವರ್ಷ ಕೇಂಬ್ರಿಡ್ಜ್‌ನಲ್ಲಿ ಚಾಡ್ವಿಕ್, ಬ್ಲ್ಯಾಕೆಟ್, ಒಕಿಯಾಲಿನಿ ಥೋರಿಯಂ ಸಂತತಿಯ ಗಾಮಾ ಕಿರಣವನ್ನು ಸೀಸದ ಮೇಲೆ ಹಾಯಿಸಿದಾಗಲೂ ಪಾಸಿಟ್ರಾನ್ ಸಿಕ್ಕಿತು.

ಈ ಎಲ್ಲದರಲ್ಲೂ ಪಕ್ಕದಲ್ಲೊಂದು ಪರಮಾಣು ಬೀಜದ ಆಸರೆ ಬೇಕೇ ಬೇಕು. ಆದರೆ ಬೆಳಕಿಗೆ ಬೆಳಕೇ ತಾಗಿದರೂ ಜೋಡಿ ಹುಟ್ಟುತ್ತದೆಂದು 1934ರಲ್ಲಿ ಬ್ರೈಟ್, ವೀಲರ್ ಲೆಕ್ಕ ಹಾಕಿದ್ದರು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ಈ ಲೆಕ್ಕವನ್ನು ಪರೀಕ್ಷಿಸಲು ಚಿನ್ನವನ್ನು ಆರಿಸಿತು, ರಾಯಚೂರು ಜಿಲ್ಲೆಯದೇ ಹಟ್ಟಿ ಗಣಿಯಲ್ಲಿ ಸಿಗುವ ಲೋಹ. ಬೆಳಕಿನ ವೇಗದ ಹತ್ತಿರ ಓಡುವ ಚಿನ್ನದ ಬೀಜಗಳ ಸುತ್ತ ಬೆಳಕಿನ ಕಣಗಳ ಮುಸುಕು ಕವಿದಿರುತ್ತದೆ. ಎದುರುಬದುರು ಬಂದ ಬೀಜಗಳು ಒಂದಕ್ಕೊಂದು ಮುಟ್ಟದೆ ಪಕ್ಕದಲ್ಲೇ ಹಾದುಹೋದವು. ಮುಸುಕುಗಳು ಮಾತ್ರ ತಾಗಿದವು. ಹೀಗೆ ಹುಟ್ಟಿದ 6,000ಕ್ಕೂ ಹೆಚ್ಚು ಜೋಡಿಗಳ ವಿವರ 2021ರಲ್ಲಿ ಪ್ರಕಟವಾಯಿತು.