ಮನೆಯನ್ನು ಹೋಳು ಮಾಡಿ ನೋಡಿ

ನಮ್ಮ ಮನೆಯ ಅಡುಗೆ ಕಟ್ಟೆಯ ಎತ್ತರ 36 ಅಂಗುಲ. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ಕಟ್ಟೆಯ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಸಾರು ಕುದಿಯಿತೇ ಎಂದು ಇಣುಕಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು. ಗೃಹಪ್ರವೇಶದ ಮರುದಿನವೇ ಕಾಲಡಿಗೆ ಒಂದು ಮಣೆ ಹಾಕಿಕೊಂಡೆ. ಇಪ್ಪತ್ತೆರಡು ವರ್ಷ ಆ ಮಣೆಯ ಮೇಲೆ ನಿಂತೇ ಮುದ್ದೆ ತಿರುವಿದ್ದೇನೆ. ಭುಜದ ನೋವು ಈಗ ನನ್ನ ಖಾಯಂ ನೆಂಟ.

ಪ್ಲಾನ್ ತೋರಿಸಲಿಲ್ಲವೇ ಎಂದು ನೀವು ಕೇಳಬಹುದು. ತೋರಿಸಿದ್ದರು. ಅದರಲ್ಲಿ ಕಟ್ಟೆ ಇತ್ತು. ಕಟ್ಟೆಯ ಎತ್ತರ ಇರಲಿಲ್ಲ. ನಾನೂ ತಲೆಯಾಡಿಸಿದ್ದೆ.

ಹೋದ ವರ್ಷ ತುಮಕೂರಿನಲ್ಲಿ ತಂಗಿ ಮನೆ ಕಟ್ಟಿಸಲು ಹೊರಟಾಗ, “ಅಕ್ಕಾ, ನೀನೂ ಬಂದು ಒಂದ್ಸಲ ನೋಡು” ಎಂದು ಕರೆದಳು. 30–40ರ ಸೈಟು. ಎಂಜಿನಿಯರ್ ಇನ್ನೂ ಚಿಕ್ಕ ಹುಡುಗ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಮನೆ ಮದುವಣಗಿತ್ತಿಯ ಹಾಗೆ ನಿಂತಿತ್ತು. ಕೆನೆಬಣ್ಣದ ಗೋಡೆ, ಗೇಟಿನ ಬಳಿ ಹೂವಿನ ಗಿಡ, ಪಕ್ಕದಲ್ಲೊಂದು ಕಾರೂ ಕೂಡ! ಬೆರಳಾಡಿಸಿದರೆ ಮನೆ ಬುಗುರಿಯಂತೆ ತಿರುಗುತ್ತಿತ್ತು. ತಂಗಿಯ ಯಜಮಾನರಿಗೆ ಖುಷಿಯೋ ಖುಷಿ.

ನನಗೆ ಮಾತ್ರ ಮಣೆಯ ನೆನಪು. “ಹೊರಗಡೆ ಚೆನ್ನಾಗಿದೆ ಕಣಪ್ಪಾ. ಒಳಗಡೆ ಹೇಗಿದೆ ಅಂತ ತೋರಿಸ್ತೀಯಾ?” ಎಂದೆ.

“ಅದಕ್ಕೇನಂತೆ ಆಂಟಿ, ಸೆಕ್ಷನ್ ಹಾಕ್ತೀನಿ” ಎಂದವನೇ ಏನೋ ಒತ್ತಿದ. ಮನೆ ಅರ್ಧಕ್ಕೆ ಕೊಯ್ದ ಹಲಸಿನ ಹಣ್ಣಿನಂತೆ ತೆರೆದುಕೊಂಡಿತು! ಮುಂದಿನ ಅರ್ಧ ಮಾಯ. ಪಾಯ, ನೆಲ, ಮೆಟ್ಟಿಲು, ಮೇಲಿನ ಕೋಣೆ ಎಲ್ಲ ತೊಳೆತೊಳೆಯಾಗಿ ಕಣ್ಣ ಮುಂದೆ.

ಅಲ್ಲೇ ಸಿಕ್ಕಿತು ನೋಡಿ, ಮನೆಯ ಗುಟ್ಟು.

ತಂಗಿಯ ಅತ್ತೆಗೆ ಎಪ್ಪತ್ತೆಂಟು. ಮಂಡಿ ನೋವು. ಅವರಿಗೆ ಹತ್ತಿರವಾಗಲೆಂದು ಮೆಟ್ಟಿಲ ತಿರುವಿನ ಕೆಳಗೇ ಒಂದು ಬಚ್ಚಲು ಇಟ್ಟಿದ್ದರು. ಪ್ಲಾನಿನಲ್ಲಿ ಅದು ಬಲು ಅಚ್ಚುಕಟ್ಟು. ಆದರೆ ಹೋಳು ಮಾಡಿದ ಮನೆಯಲ್ಲಿ ಲೆಕ್ಕ ಬೇರೆಯೇ ಇತ್ತು. ನೆಲದಿಂದ ತಿರುವಿಗೆ 11 ಏರು, ಒಂದೊಂದೂ 6 ಅಂಗುಲ. ಅಂದರೆ ಐದೂವರೆ ಅಡಿ. ಅದರಲ್ಲಿ ತಿರುವಿನ ಕಾಂಕ್ರೀಟ್ 6 ಅಂಗುಲ ಕಳೆದರೆ ಕೆಳಗೆ ಉಳಿದದ್ದು ಬರೀ ಐದು ಅಡಿ! ಕೋಲು ಹಿಡಿದು ನಡೆಯುವ ಹಿರಿಯರು ರಾತ್ರಿ ಎದ್ದು ತಲೆ ಬಗ್ಗಿಸಿ ಅಲ್ಲಿಗೆ ನುಗ್ಗಬೇಕಿತ್ತು. ಬಚ್ಚಲಿನ ಎತ್ತರ ಕನಿಷ್ಠ 2.1 ಮೀಟರ್, ಅಂದರೆ ಸುಮಾರು ಏಳು ಅಡಿ ಇರಬೇಕೆನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ.

ಹುಡುಗ ಪೆಚ್ಚಾದ. ಬಚ್ಚಲನ್ನು ಅತ್ತೆಯ ಕೋಣೆಗೇ ಸೇರಿಸುವುದಾದರೆ ಹಾಲ್‌ನಲ್ಲಿ ನಾಲ್ಕಡಿ ಹೋಗುತ್ತದೆ ಎಂದ. ತಂಗಿಯ ಯಜಮಾನರ ಮುಖ ಸಣ್ಣಗಾಯಿತು. “ನನಗೋಸ್ಕರ ಹಾಲ್ ಚಿಕ್ಕದು ಮಾಡ್ಬೇಡ್ರಪ್ಪಾ” ಎಂದರು ಅತ್ತೆ.

ಅಷ್ಟು ಹೊತ್ತೂ ಸುಮ್ಮನಿದ್ದ ತಂಗಿ ಬಾಯಿಬಿಟ್ಟಳು: “ಹಾಲ್‌ನಲ್ಲಿ ನೆಂಟ್ರು ವರ್ಷಕ್ಕೆ ನಾಲ್ಕು ದಿನ ಕೂತ್ಕೋತಾರೆ. ನೀವು ದಿನಾ ಇರ್ತೀರಲ್ಲಾ ಅತ್ತೆ.”

ಹಾಲ್ ಚಿಕ್ಕದಾಯಿತು. ಮೆಟ್ಟಿಲ ಕೆಳಗೆ ಈಗ ಹಬ್ಬದ ಪಾತ್ರೆಗಳಿವೆ.

ಏನಿದು ಸೆಕ್ಷನ್?

ಸೌತೆಕಾಯಿ ಹೆಚ್ಚುವ ನಮಗೆ ಇದು ಹೊಸದೇನಲ್ಲ. ಅಡ್ಡಲಾಗಿ ಕೊಯ್ದರೆ ಬಿಲ್ಲೆ, ಉದ್ದಕ್ಕೆ ಸೀಳಿದರೆ ಬೀಜದ ಸಾಲು. ಕಾಯಿ ಒಂದೇ, ನೋಟ ಎರಡು. ಮನೆಯ ಪ್ಲಾನ್ ಅನ್ನುವುದೂ ಅಂಥ ಒಂದು ಬಿಲ್ಲೆಯೇ. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ ಮನೆಯನ್ನು ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದ ಚಿತ್ರ ಅದು. ಆದ್ದರಿಂದಲೇ ಅದರಲ್ಲಿ ಉದ್ದ ಅಗಲ ಸಿಗುತ್ತದೆ, ಎತ್ತರ ಸಿಗುವುದಿಲ್ಲ. ಎತ್ತರ ಬೇಕಾದರೆ ಮೇಲಿನಿಂದ ಕೆಳಗೆ ಸೀಳಬೇಕು. ಅದೇ ಸೆಕ್ಷನ್, ಪುಸ್ತಕದ ಭಾಷೆಯಲ್ಲಿ ಛೇದನೋಟ.

ವಿಜಯಪುರದ ಗೋಳಗುಮ್ಮಟವನ್ನು ನೆನಪಿಸಿಕೊಳ್ಳಿ. 1656ರ ಸುಮಾರಿಗೆ ಮುಗಿದ ಕಟ್ಟಡ. ಹೊರಗೆ ನಿಂತರೆ ಗೋಡೆ, ನಾಲ್ಕು ಗೋಪುರ, ಮೇಲೊಂದು ಗುಮ್ಮಟ, ಇಷ್ಟೇ. ಪಿಸುಮಾತು ಕೇಳುವ ಆ ಮೊಗಸಾಲೆ ಎಲ್ಲಿದೆ, ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿದೆ ಎಂಬುದು ಹೊರಗಿನಿಂದ ತಿಳಿಯದು. ಅದರ ಸೀಳುಚಿತ್ರ ನೋಡಿದರೆ, ಒಂದನ್ನೊಂದು ಹಾಯುವ ಕಮಾನುಗಳು ಗುಮ್ಮಟವನ್ನು ಎತ್ತಿ ಹಿಡಿದಿರುವುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಹಿಂದೆ ಇಂಥ ಒಂದೊಂದು ಚಿತ್ರವನ್ನೂ ಕೈಯಿಂದ ಬರೆಯಬೇಕಿತ್ತು. ಈಗ ಸ್ಕೆಚ್‌ಅಪ್‌ನಂಥ ತಂತ್ರಾಂಶಗಳಲ್ಲಿ ಒಂದು ಗಾಜಿನ ಹಾಳೆಯನ್ನು ಮನೆಯೊಳಗೆ ತೂರಿಸಿದಂತೆ ಇದನ್ನು ಮಾಡುತ್ತಾರೆ. ಹಾಳೆಯ ಮುಂದಿರುವುದೆಲ್ಲ ಮರೆಯಾಗುತ್ತದೆ, ಹಿಂದಿರುವುದು ಕಾಣುತ್ತದೆ. ಹಾಳೆಯನ್ನು ಹಿಂದಕ್ಕೆ ಮುಂದಕ್ಕೆ ತಳ್ಳುತ್ತಾ ಹೋದರೆ ಕೋಣೆಯ ಮೇಲೆ ಕೋಣೆ ತೆರೆದುಕೊಳ್ಳುತ್ತದೆ. ಮನೆಯೇನೂ ನಿಜವಾಗಿ ತುಂಡಾಗುವುದಿಲ್ಲ. ಕೊಯ್ತ ತೆಗೆದರೆ ಮತ್ತೆ ಇಡಿಯಾಗಿ ನಿಲ್ಲುತ್ತದೆ. ಕೊಯ್ದ ಗೋಡೆ ಪೊಳ್ಳಾಗಿ ಕಂಡರೆ ಗಾಬರಿ ಬೇಡ. ಗಣಕದಲ್ಲಿ ಗೋಡೆಯ ಹೊರಮೈಯನ್ನಷ್ಟೇ ಬರೆದಿರುತ್ತಾರೆ, ಅದಕ್ಕೇ ಹಾಗೆ.

ಎಲ್ಲೆಲ್ಲಿ ಕೊಯ್ಯಿಸಬೇಕು?

1. ಮೆಟ್ಟಿಲ ಉದ್ದಕ್ಕೆ: ಒಂದು ಏರು 190 ಮಿ.ಮೀ. (ಏಳೂವರೆ ಅಂಗುಲ) ಮೀರಬಾರದು, ಕಾಲಿಡುವ ಅಗಲ 250 ಮಿ.ಮೀ. (ಹತ್ತು ಅಂಗುಲ) ತಗ್ಗಬಾರದು ಎಂಬುದು ವಾಸದ ಮನೆಗೆ ಇರುವ ನಿಯಮ. ವಯಸ್ಸಾದವರಿದ್ದರೆ ಆರು ಅಂಗುಲದ ಏರೇ ಹಿತ. ಹತ್ತುವಾಗ ತಲೆಗೆ ಬೀಮ್ ತಗಲುವುದೇ ಎಂದೂ ನೋಡಿ.

2. ಅಡುಗೆ ಕಟ್ಟೆಗೆ ಅಡ್ಡಲಾಗಿ: ಕಟ್ಟೆ ನಿಮ್ಮ ಮೊಣಕೈಗಿಂತ ಮೂರು ನಾಲ್ಕು ಅಂಗುಲ ಕೆಳಗಿರಲಿ. ಮನೆಯಲ್ಲೇ ಟೇಪು ಹಿಡಿದು ಅಳೆದುಕೊಂಡು ಹೋಗಿ. ಅಟ್ಟಕ್ಕೆ ಕೈ ಎಟಕುವುದೇ? ಕಿಟಕಿ ಒಳಗೆ ತೆರೆಯುವುದಾದರೆ ಸಿಂಕಿನ ನಲ್ಲಿಗೆ ಬಡಿಯುವುದೇ?

3. ಬಚ್ಚಲಿಗೆ: ಕೊಳವೆಗಾಗಿ ನೆಲವನ್ನು ತಗ್ಗಿಸಿದ್ದಾರೋ, ಅಥವಾ ಕೋಣೆಗಿಂತ ಎತ್ತರಿಸಿದ್ದಾರೋ? ಎತ್ತರಿಸಿದ್ದರೆ ಅಲ್ಲೊಂದು ಎಡವುವ ಮೆಟ್ಟಿಲು ಬಂತೆಂದೇ ತಿಳಿಯಿರಿ.

4. ಗೇಟಿನಿಂದ ಹಿತ್ತಲವರೆಗೆ: ರಸ್ತೆಗಿಂತ ಮನೆಯ ನೆಲ ಎಷ್ಟು ಮೇಲಿದೆ? ಮಳೆಗಾಲದ ನೀರು ಎತ್ತ ಹರಿಯುತ್ತದೆ?

ಕೊಯ್ತ ಕಂಡ ಮೇಲೆ ಸುಮ್ಮನೆ ನೋಡಿ ಬರಬೇಡಿ. ಅಳತೆ ಹಾಕಿಸಿ, ಕಾಗದದ ಮೇಲೆ ಮುದ್ರಿಸಿಕೊಳ್ಳಿ. ಅದನ್ನೇ ಮೇಸ್ತ್ರಿಯ ಕೈಗೂ ಕೊಡಿ.

ಒಂದು ಎಚ್ಚರಿಕೆ. ಬರೆದದ್ದಷ್ಟೇ ಕಾಣುತ್ತದೆ. ಎಂಜಿನಿಯರ್ ಬೀಮನ್ನು ಬರೆಯದಿದ್ದರೆ ಸೆಕ್ಷನ್‌ನಲ್ಲೂ ಬೀಮ್ ಇರುವುದಿಲ್ಲ. ಕಟ್ಟಿದ ಮೇಲೆ ನಿಮ್ಮ ತಲೆಗೇ ಅದು ಮೊದಲು ಸಿಗುತ್ತದೆ. ಆದ್ದರಿಂದ “ಬೀಮ್, ಅಟ್ಟ, ಟೈಲ್ಸ್ ದಪ್ಪ ಎಲ್ಲಾ ಸೇರ್ಸಿದ್ದೀರಾ?” ಎಂದು ಕೇಳಿಯೇ ಬಿಡಿ. ಕೇಳಲು ಸಂಕೋಚ ಬೇಡ.

ಗಣಕ ಇಲ್ಲದಿದ್ದರೆ?

ಮಕ್ಕಳ ಚೌಕುಳಿ ಪುಸ್ತಕ ತೆಗೆದುಕೊಳ್ಳಿ. ಒಂದು ಚೌಕಕ್ಕೆ ಅರ್ಧ ಅಡಿಯ ಲೆಕ್ಕ. ನೆಲಕ್ಕೊಂದು ಗೆರೆ, ಚಾವಣಿಗೊಂದು ಗೆರೆ ಎಳೆಯಿರಿ. ನಡುವೆ ಕಟ್ಟೆ, ಕಿಟಕಿ, ಅಟ್ಟ. ಆಮೇಲೆ ಅದೇ ಅಳತೆಯಲ್ಲಿ ನಿಮ್ಮದೊಂದು ಗೊಂಬೆ ಕತ್ತರಿಸಿ ಕಟ್ಟೆಯ ಮುಂದೆ ನಿಲ್ಲಿಸಿ. ಗೊಂಬೆಯ ಕೈ ಎಲ್ಲಿಗೆ ಬಂತು? ಅಷ್ಟು ಸಾಕು. ಇಪ್ಪತ್ತೆರಡು ವರ್ಷದ ಹಿಂದೆ ಈ ಒಂದು ಗೊಂಬೆ ಮಾಡಿದ್ದರೆ ನನಗೆ ಮಣೆ ಬೇಕಾಗುತ್ತಿರಲಿಲ್ಲ.

ಕಾಗದದ ಮೇಲಿನ ಬಚ್ಚಲನ್ನು ಸರಿಸಲು ತಂಗಿಯ ಮನೆಯಲ್ಲಿ ಹಿಡಿದದ್ದು ಅರ್ಧ ಗಂಟೆ. ಮೋಲ್ಡ್ ಹಾಕಿದ ಮೇಲಾಗಿದ್ದರೆ ಸುತ್ತಿಗೆ, ಧೂಳು, ದುಡ್ಡು, ಮನಸ್ತಾಪ ಎಲ್ಲ ಬರುತ್ತಿತ್ತು. ಅದಕ್ಕೂ ಹೆಚ್ಚಾಗಿ, “ಇನ್ನೇನು ಮಾಡೋಕಾಗತ್ತೆ, ಹೊಂದ್ಕೊಂಡು ಹೋಗೋದೇ” ಎಂಬ ಮಾತು ಬರುತ್ತಿತ್ತು. ಹೊಂದಿಕೊಳ್ಳುವವರು ಯಾರು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ತಂಗಿಯ ಹೊಸ ಮನೆಯ ಕಟ್ಟೆ 31 ಅಂಗುಲ. ಹಾಲು ಉಕ್ಕಿಸಿದ ದಿನ ಅಲ್ಲಿ ನಿಂತು ಪಾಯಸ ಕಲಕಿದೆ. ಪಾತ್ರೆಯ ತಳ ಕಾಣಿಸುತ್ತಿತ್ತು.