ಮೈನ್‌ಕ್ರಾಫ್ಟ್‌ನಲ್ಲಿ ಕವಲೇದುರ್ಗ ಕಟ್ಟುವುದು ಹೇಗೆ?

ಮೈನ್‌ಕ್ರಾಫ್ಟ್ ಆಡಲು ಹೊಸದಾಗಿ ಕೂತವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಆಟಕ್ಕೆ ಇಳಿದ ಕೂಡಲೇ ವಜ್ರ ಸಿಗಲಿ ಎಂದು ಕಾಲಡಿಯ ನೆಲವನ್ನೇ ಅಗೆಯುತ್ತಾರೆ. ಇನ್ನು ಕೆಲವರು ಯೂಟ್ಯೂಬಿನಲ್ಲಿ ಕಂಡ ಯಾವುದೋ ದೇಶದ ಅರಮನೆಗೆ ಕೈಹಾಕಿ, ಎರಡು ಗೋಡೆ ಏಳುವಷ್ಟರಲ್ಲಿ ಬೇಸತ್ತು ಬಿಡುತ್ತಾರೆ. ಮೊದಲನೆಯದಕ್ಕೆ ಮದ್ದು ಕೆಲಸದ ಕ್ರಮ. ಎರಡನೆಯದಕ್ಕೆ ಮದ್ದು ಕಣ್ಣಾರೆ ಕಂಡ, ಕಾಲಾರೆ ನಡೆದ ಮಾದರಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳಿಗೆ ಅಂಥ ಮಾದರಿಗಳು ಬಸ್ಸಿನ ದಾರಿಯಲ್ಲೇ ಇವೆ: ಕೆಳದಿಯ ದೇವಸ್ಥಾನ, ಇಕ್ಕೇರಿಯ ಅಘೋರೇಶ್ವರ, ನಗರ ಎಂಬ ಊರಿನ ಕೋಟೆ, ಕವಲೇದುರ್ಗ. 1499ರಿಂದ 1763ರವರೆಗೆ ಆಳಿದ ಕೆಳದಿಯ ನಾಯಕರು ಬಿಟ್ಟುಹೋದ ಈ ಕಟ್ಟಡಗಳು ಆಟದ ಬ್ಲಾಕುಗಳಿಗೆ ಚೆನ್ನಾಗಿ ಒಗ್ಗುತ್ತವೆ.

ಆಟದ ಪರಿಚಯ ಇಲ್ಲದ ಹಿರಿಯರಿಗಾಗಿ ಎರಡು ಮಾತು. ಸ್ವೀಡನ್ನಿನ ಮೊಜಾಂಗ್ ಕಂಪನಿಯ ಈ ಆಟ 2009ರಲ್ಲಿ ಪ್ರಾಯೋಗಿಕವಾಗಿ, 2011ರ ನವೆಂಬರಿನಲ್ಲಿ ಪೂರ್ಣರೂಪದಲ್ಲಿ ಬಂತು. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು 250 ಕೋಟಿ ಡಾಲರಿಗೆ ಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದ್ದವು. ಕಂಪ್ಯೂಟರಿಗೆ ಜಾವಾ ಎಡಿಷನ್, ಮೊಬೈಲಿಗೆ ಬೆಡ್‌ರಾಕ್ ಎಡಿಷನ್. ಒಮ್ಮೆ ದುಡ್ಡು ಕೊಟ್ಟು ಕೊಂಡು ಹಾಕಿಕೊಂಡರೆ ಒಬ್ಬರೇ ಆಡಲು ನೆಟ್‌ವರ್ಕ್ ಬೇಕಿಲ್ಲ. ಮಳೆಗಾಲದಲ್ಲಿ ಟವರ್ ಸಿಗದ ನಮ್ಮ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಲುವಾಂಟಿ ಎಂಬ ಉಚಿತ ತಂತ್ರಾಂಶವಿದೆ. 2024ರವರೆಗೆ ಅದರ ಹೆಸರು ಮೈನ್‌ಟೆಸ್ಟ್. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಜಾವಾ ಎಡಿಷನ್ನಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸೆಟ್ಟಿಂಗ್ಸಿಗೆ ಹೋಗಿ ಬದಲಿಸಿಕೊಳ್ಳಬಹುದು.

ಈಗ ಆಟಕ್ಕೆ ಬರೋಣ. ಆಟದ ಒಂದು ದಿನವೆಂದರೆ ನಮ್ಮ 20 ನಿಮಿಷ. ಅದರಲ್ಲಿ ಬೆಳಕಿರುವುದು ಸುಮಾರು 10 ನಿಮಿಷ. ಮೊದಲ ದಿನದ ಆ 10 ನಿಮಿಷ ಪೂರ್ತಿ ರಾತ್ರಿಯ ತಯಾರಿಗೇ ಮೀಸಲು. ಮೊದಲು ಮರ. ಬರಿಗೈಯಲ್ಲೇ ಹೊಡೆದರೆ ದಿಮ್ಮಿ ಬೀಳುತ್ತದೆ. ಒಂದು ದಿಮ್ಮಿಗೆ 4 ಹಲಗೆ, 2 ಹಲಗೆಗೆ 4 ಕೋಲು. 4 ಹಲಗೆ ಸೇರಿದರೆ ಕ್ರಾಫ್ಟಿಂಗ್ ಟೇಬಲ್. ಮುಂದಿನ ಹತ್ಯಾರಗಳೆಲ್ಲ ಆಗುವುದು ಈ ಟೇಬಲಿನ ಮೇಲೆ. 3 ಹಲಗೆ, 2 ಕೋಲು ಜೋಡಿಸಿದರೆ ಮರದ ಪಿಕಾಸಿ. ಅದನ್ನು ಒಂದೇ ಒಂದು ಮಾಡಿ. 59 ಏಟಿಗೆ ಸವೆದುಹೋಗುವ ಈ ಪಿಕಾಸಿಯ ಕೆಲಸ ಮೂರು ಕಲ್ಲು ಕೀಳುವುದಷ್ಟೇ. ಆ ಮೂರು ಕಲ್ಲಿಗೆ 2 ಕೋಲು ಸೇರಿಸಿದರೆ ಕಲ್ಲಿನ ಪಿಕಾಸಿ ಸಿದ್ಧ. ಅದು 131 ಏಟು ಬಾಳುತ್ತದೆ. ಕಬ್ಬಿಣದ್ದಾದರೆ 250, ವಜ್ರದ್ದಾದರೆ 1561. ಈ ಸಂಖ್ಯೆಗಳನ್ನು ಒಮ್ಮೆ ನೋಡಿಕೊಂಡವರು ಮರದ ಹತ್ಯಾರಗಳನ್ನು ರಾಶಿ ಹಾಕುವುದಿಲ್ಲ.

ಎಂಟು ಕಲ್ಲಿಗೆ ಒಂದು ಒಲೆ, ಅಂದರೆ ಆಟದ ಭಾಷೆಯಲ್ಲಿ ಫರ್ನೇಸ್. ಒಂದು ಕಲ್ಲಿದ್ದಲು, ಒಂದು ಕೋಲಿಗೆ ನಾಲ್ಕು ಪಂಜು. ಕಲ್ಲಿದ್ದಲು ಕಾಣಲಿಲ್ಲವೆಂದು ಅಲೆಯಬೇಡಿ, ಒಲೆಯಲ್ಲಿ ದಿಮ್ಮಿಯನ್ನೇ ಸುಟ್ಟರೆ ಇದ್ದಿಲು ಬರುತ್ತದೆ, ಪಂಜಿಗೆ ಅದೂ ಆಗುತ್ತದೆ. ಹೊಸಬರಿಗೆ ಈ ಒಂದು ವಿಷಯ ಗೊತ್ತಿದ್ದರೆ ಮೊದಲ ರಾತ್ರಿ ಸುರಕ್ಷಿತ. ಏಕೆಂದರೆ 2021ರ ಪರಿಷ್ಕರಣೆಯ ನಂತರ ಜಾಂಬಿ, ಅಸ್ಥಿಪಂಜರ, ಕ್ರೀಪರ್‌ಗಳು ಹುಟ್ಟುವುದು ಬೆಳಕು ಸ್ವಲ್ಪವೂ ಇಲ್ಲದ ಕಡೆ ಮಾತ್ರ. ಪಂಜು ಇಟ್ಟ ಕೋಣೆಯಲ್ಲಿ ಅವು ಹುಟ್ಟಲಾರವು. ಒಂದೇ ಬಣ್ಣದ 3 ಉಣ್ಣೆ, 3 ಹಲಗೆ ಕೂಡಿಸಿ ಹಾಸಿಗೆ ಮಾಡಿ ಮಲಗಿದರೆ ರಾತ್ರಿಯೂ ಕಳೆಯುತ್ತದೆ, ಸತ್ತರೆ ಮತ್ತೆ ಹುಟ್ಟುವ ಜಾಗವೂ ನಿಗದಿಯಾಗುತ್ತದೆ. ಸತ್ತ ಕಡೆ ಬಿದ್ದ ಸಾಮಾನು 5 ನಿಮಿಷಕ್ಕೆ ಮಾಯವಾಗುವುದರಿಂದ ಹಾಸಿಗೆ ಕೆಲಸದ ಜಾಗಕ್ಕೆ ಹತ್ತಿರವಿರಬೇಕು.

ಮನೆ ಕಟ್ಟುವವರು ಮೊದಲು ಬಾವಿ ತೋಡುವಂತೆ, ಇಲ್ಲೂ ಗಣಿಗೆ ಇಳಿಯುವ ಮೊದಲು ನೀರು, ಅನ್ನ ನೋಡಿಕೊಳ್ಳಬೇಕು. 3 ಕಬ್ಬಿಣದ ಗಟ್ಟಿಗೆ ಒಂದು ಬಕೆಟ್. ಎರಡು ಬ್ಲಾಕ್ ಉದ್ದ, ಎರಡು ಬ್ಲಾಕ್ ಅಗಲದ ಗುಂಡಿಯ ಎದುರುಬದುರು ಮೂಲೆಗೆ ಒಂದೊಂದು ಬಕೆಟ್ ನೀರು ಸುರಿದರೆ ಎಷ್ಟು ಮೊಗೆದರೂ ಬತ್ತದ ಕೊಳವಾಗುತ್ತದೆ. ಒಂದು ಬ್ಲಾಕ್ ನೀರು ನಾಲ್ಕೂ ದಿಕ್ಕಿಗೆ 4 ಬ್ಲಾಕಿನವರೆಗೆ ಮಣ್ಣನ್ನು ತೇವವಾಗಿಡುತ್ತದೆ. ಹಾಗಾಗಿ 9ಕ್ಕೆ 9ರ ಚೌಕ ಗದ್ದೆ ಮಾಡಿ ನಡುವೆ ನೀರಿಟ್ಟರೆ 80 ಬ್ಲಾಕ್ ಬಿತ್ತನೆಗೆ ಸಿಗುತ್ತದೆ. 3 ಗೋಧಿಗೆ ಒಂದು ಬ್ರೆಡ್.

ಗಣಿಗಾರಿಕೆಯಲ್ಲಿ ನೇರ ಕೆಳಕ್ಕೆ ಅಗೆಯಬಾರದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕಾಲಡಿಯ ಒಂದು ಬ್ಲಾಕ್ ತೆಗೆದರೆ ಕೆಳಗೆ ಲಾವಾ ಇದ್ದೀತು. ಪಂಜುಗಳನ್ನು ಹೋಗುವಾಗ ಎಡಗೋಡೆಗೆ ಮಾತ್ರ ಸಿಗಿಸುತ್ತ ಹೋದರೆ ಬರುವಾಗ ಅವು ಬಲಕ್ಕಿರುತ್ತವೆ, ದಾರಿ ತಪ್ಪುವುದಿಲ್ಲ. ಕಬ್ಬಿಣ 16ನೇ ಮಟ್ಟದ ಆಸುಪಾಸಿನಲ್ಲಿ, ವಜ್ರ ಸೊನ್ನೆಗಿಂತ ಕೆಳಗೆ 59ರ ಸುತ್ತಮುತ್ತ ಹೆಚ್ಚು. ವಜ್ರಕ್ಕೆ ಕಬ್ಬಿಣದ ಪಿಕಾಸಿಯೇ ಬೇಕು, ಕಲ್ಲಿನದರಲ್ಲಿ ಹೊಡೆದರೆ ವಜ್ರ ಒಡೆದು ವ್ಯರ್ಥವಾಗುತ್ತದೆ. ಮುಂದೆ ನೆದರ್, ಎಂಡ್ ಎಂಬ ಲೋಕಗಳೂ ಡ್ರಾಗನ್ನೂ ಇವೆ. ಆದರೆ ನನ್ನ ಮಟ್ಟಿಗೆ ಆಟದ ನಿಜವಾದ ಸುಖ ಕಟ್ಟುವುದರಲ್ಲಿದೆ.

ಕಟ್ಟುವ ಮೊದಲು ಅಳತೆ. ಆಟದ ಒಂದು ಬ್ಲಾಕ್ ಎಂದರೆ ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಮೀಟರ್. ನೀರಿನ ಮಟ್ಟ 63ರಲ್ಲಿ, ಕಟ್ಟಬಹುದಾದ ಎತ್ತರದ ಮಿತಿ 320ರಲ್ಲಿ. ನಡುವೆ 257 ಬ್ಲಾಕ್. ನಮ್ಮ ಜೋಗದ ಎತ್ತರ 253 ಮೀಟರ್. ಅಂದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳನ್ನು ಇದ್ದ ಎತ್ತರದಲ್ಲೇ ಕೂರಿಸಬಹುದು, ಮೇಲೆ ನಾಲ್ಕೇ ಬ್ಲಾಕ್ ಉಳಿಯುತ್ತದೆ. ಆದರೆ ಮನೆ, ದೇವಸ್ಥಾನಗಳಿಗೆ ಈ ಅಳತೆ ಸಾಲದು. ಒಂದಡಿ ದಪ್ಪದ ಗೋಡೆಯನ್ನು ಒಂದು ಮೀಟರ್ ಬ್ಲಾಕಿನಲ್ಲಿ ಕಟ್ಟಿದರೆ ಒಳಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೆ ಒಂದು ಮೀಟರಿಗೆ ಎರಡು ಬ್ಲಾಕ್ ಎಂದಿಟ್ಟುಕೊಳ್ಳಿ. ಸ್ಥಳಕ್ಕೆ ಹೋದಾಗ ಹೆಜ್ಜೆ ಎಣಿಸಿ ಬರೆದುಕೊಳ್ಳಿ, ಚೌಕುಳಿ ಪುಸ್ತಕದಲ್ಲಿ ನಕ್ಷೆ ಹಾಕಿ, ಆಮೇಲೆ ಕ್ರಿಯೇಟಿವ್ ಮೋಡಿನಲ್ಲಿ ಒಮ್ಮೆ ಕಟ್ಟಿ ನೋಡಿ. ಅಲ್ಲಿ ಸಾಮಾನಿಗೆ ಮಿತಿಯಿಲ್ಲ, ಸಾವಿಲ್ಲ. ಸರ್ವೈವಲ್ ಮೋಡಿನಲ್ಲಿ ಬೆವರು ಸುರಿಸಿ ಕಟ್ಟುವುದು ಅದರ ನಂತರದ ಮಾತು.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯ ಪಾಠ. ಗುಡ್ಡದ ಮೇಲಕ್ಕೆ ಹೋದಂತೆ ಒಂದರ ಒಳಗೊಂದು ಸುತ್ತುಗೋಡೆ, ಬಾಗಿಲು, ಕೊಳ, ದೇವಸ್ಥಾನ, ಕೊನೆಗೆ ಅರಮನೆಯ ತಳಪಾಯ, ಒಲೆಯ ಜಾಗ. ಮೇಲ್ಚಾವಣಿ ಉಳಿದಿಲ್ಲ, ಹಾಗಾಗಿ ಯೋಜನೆ ಪೂರ್ತಿ ಕಣ್ಣಿಗೆ ಕಾಣುತ್ತದೆ. ಮೊದಲ ಸಲಕ್ಕೆ ಕೋಟೆ ಇಡೀ ಬೇಡ, ಒಂದು ಬಾಗಿಲು, ಅದರ ಎರಡು ಕಡೆಯ ಗೋಡೆ ಸಾಕು. 20 ಬ್ಲಾಕ್ ಉದ್ದ, 5 ಎತ್ತರ, 2 ದಪ್ಪದ ಗೋಡೆಗೆ 200 ಕಲ್ಲಿನ ಇಟ್ಟಿಗೆ ಬೇಕು. ಕಿತ್ತ ಕಲ್ಲನ್ನು ಒಲೆಯಲ್ಲಿ ಒಮ್ಮೆ ಕಾಯಿಸಿದರೆ ಇಡಿಯಾದ ಕಲ್ಲು, ಆ ನಾಲ್ಕಕ್ಕೆ ನಾಲ್ಕು ಕಲ್ಲಿನ ಇಟ್ಟಿಗೆ. ಒಂದು ಕಲ್ಲಿದ್ದಲು 8 ಕಲ್ಲು ಕಾಯಿಸುತ್ತದೆ, ಒಂದು ಕಲ್ಲಿಗೆ 10 ಸೆಕೆಂಡ್. ಲೆಕ್ಕ ಹಾಕಿ: 200 ಕಲ್ಲಿಗೆ 25 ಕಲ್ಲಿದ್ದಲು, ಒಂದೇ ಒಲೆಯಾದರೆ ಸುಮಾರು 33 ನಿಮಿಷ. ನಾಲ್ಕು ಒಲೆ ಹೂಡಿದರೆ ಎಂಟೂವರೆ ನಿಮಿಷದಲ್ಲಿ ಮುಗಿಯುತ್ತದೆ, ಆ ಹೊತ್ತಿನಲ್ಲಿ ನೀವು ತಳಪಾಯ ಹಾಕಿಕೊಳ್ಳಬಹುದು. ಕೆಲಸ ಬೇಗ ಸಾಗುವುದು ಇಂಥ ಲೆಕ್ಕದಿಂದ.

ಗೋಡೆ ಎದ್ದ ಮೇಲೆ ಅದು ಕವಲೇದುರ್ಗದಂತೆ ಕಾಣಬೇಕಾದರೆ ಹಾವಸೆ ಬೇಕು. ನಮ್ಮ ಮಳೆಯಲ್ಲಿ ಯಾವ ಕಲ್ಲೂ ಒಂದೇ ಬಣ್ಣದಲ್ಲಿ ಉಳಿಯುವುದಿಲ್ಲ. ಕಲ್ಲಿನ ಇಟ್ಟಿಗೆಗೆ ಬಳ್ಳಿ ಸೇರಿಸಿದರೆ ಹಾವಸೆ ಹಿಡಿದ ಇಟ್ಟಿಗೆಯಾಗುತ್ತದೆ, ಅದೇ ಇಟ್ಟಿಗೆಯನ್ನು ಮತ್ತೊಮ್ಮೆ ಒಲೆಗೆ ಹಾಕಿದರೆ ಬಿರುಕು ಬಿಟ್ಟದ್ದಾಗುತ್ತದೆ. ಬಳ್ಳಿ ಕೊಯ್ಯಲು 2 ಕಬ್ಬಿಣದ ಗಟ್ಟಿಯ ಕತ್ತರಿ ಬೇಕು. ಹಾವಸೆಯ ಇಟ್ಟಿಗೆಯನ್ನು ಗೋಡೆಯ ಬುಡದಲ್ಲಿ, ನೀರು ಇಳಿಯುವ ಕಡೆ ಹೆಚ್ಚು ಹಾಕಿ, ಮೇಲಕ್ಕೆ ಹೋದಂತೆ ಕಡಿಮೆ ಮಾಡಿ. ಮನಬಂದಂತೆ ಎರಚಿದರೆ ಚುಕ್ಕೆಗಳಂತೆ ಕಾಣುತ್ತದೆ.

ಮಲೆನಾಡಿನ ಮನೆ ಕಟ್ಟುವವರಿಗೆ ಮಾಡು ಮುಖ್ಯ. ಹೊಸಬರು ಚಪ್ಪಟೆ ಮೇಲ್ಚಾವಣಿ ಹಾಕಿ ಡಬ್ಬಿ ಮಾಡಿಬಿಡುತ್ತಾರೆ. ನೆಲಕ್ಕಿಂತ ಒಂದು ಬ್ಲಾಕ್ ಎತ್ತರದ ಕಲ್ಲಿನ ಪಂಚಾಂಗ, ಮುಂದೆ ಎರಡು ಬ್ಲಾಕ್ ಅಗಲದ ಜಗಲಿ, ಅದರ ಅಂಚಿಗೆ ಮರದ ಕಂಬ, ಗೋಡೆಯಿಂದ ಒಂದು ಬ್ಲಾಕ್ ಹೊರಚಾಚಿದ ಸೂರು. ಇಷ್ಟು ಮಾಡಿದರೆ ಡಬ್ಬಿ ಮನೆಯಾಗುತ್ತದೆ. ಮೆಟ್ಟಿಲಿನ ಬ್ಲಾಕ್ ಜೋಡಿಸಿದರೆ ಮಾಡಿಗೆ 45 ಡಿಗ್ರಿ ಇಳಿಜಾರು, ಅರ್ಧ ಬ್ಲಾಕಿನ ಸ್ಲ್ಯಾಬ್ ಜೋಡಿಸಿದರೆ ಸುಮಾರು 27 ಡಿಗ್ರಿ. ಹೆಂಚಿನ ಬಣ್ಣಕ್ಕೆ ಹೊಳೆಯ ತಳದ ಜೇಡಿ ಸುಟ್ಟು ಮಾಡಿದ ಇಟ್ಟಿಗೆ, ಜಂಬಿಟ್ಟಿಗೆಯ ಬಣ್ಣಕ್ಕೆ ಟೆರಾಕೋಟ. ತೊಟ್ಟಿಮನೆಯಾದರೆ ಮೂಲೆಗಳಲ್ಲಿ ಮೆಟ್ಟಿಲು ತಾನಾಗಿ ತಿರುಗಿಕೊಳ್ಳುತ್ತದೆ, ಹೆದರಬೇಕಿಲ್ಲ. 2022ರಲ್ಲಿ ಮಣ್ಣಿನ ಇಟ್ಟಿಗೆಯೂ ಬಂತು: ಕೆಸರಿಗೆ ಗೋಧಿ ಬೆರೆಸಿ ಗಟ್ಟಿ ಮಾಡಿ, ಆ ನಾಲ್ಕನ್ನು ಜೋಡಿಸಬೇಕು. ಹುಲ್ಲು ಬೆರೆಸಿ ಮಣ್ಣು ಕಲಸಿದ ಗೋಡೆಗಳನ್ನು ಕಂಡ ಹಿರಿಯರಿಗೆ ಇದನ್ನು ತೋರಿಸಿ, ಖುಷಿಪಡುತ್ತಾರೆ.

ಇಕ್ಕೇರಿಯ ಅಘೋರೇಶ್ವರ ಕಠಿಣ, ಅದನ್ನು ಆಮೇಲೆ ಇಟ್ಟುಕೊಳ್ಳಿ. ಅದಕ್ಕೆ ಮುನ್ನ ಎದುರಿಗಿರುವ ನಂದಿಮಂಟಪ ಕಟ್ಟಿ ಕೈ ಪಳಗಿಸಿಕೊಳ್ಳಬಹುದು. ಕಮಾನಿಗೆ ತಲೆಕೆಳಗು ಮಾಡಿದ ಮೆಟ್ಟಿಲುಗಳನ್ನು ಎದುರುಬದುರು ಇಡಬೇಕು. ಸಮಾಂಗ ಕಟ್ಟಡಕ್ಕೆ ಅಗಲ ಯಾವಾಗಲೂ ಬೆಸ ಸಂಖ್ಯೆಯಲ್ಲಿರಲಿ, ಆಗ ಬಾಗಿಲು ನಟ್ಟನಡುವೆ ಬೀಳುತ್ತದೆ.

ಈ ಕ್ರಮ ಬೇರೆ ಆಟಗಳಿಗೂ ಸಲ್ಲುತ್ತದೆ. 2021ರ ವ್ಯಾಲ್‌ಹೈಮ್‌ನಲ್ಲಿ ಮಾಡಿಲ್ಲದೆ ಕೆಲಸದ ಮೇಜು ನಡೆಯುವುದೇ ಇಲ್ಲ, ಮಳೆಗೆ ನೆನೆದ ಮರದ ಬಲ ಅರ್ಧಕ್ಕಿಳಿಯುತ್ತದೆ, ಹೊಗೆ ಹೋಗಲು ದಾರಿಯಿಲ್ಲದೆ ಒಳಗೆ ಬೆಂಕಿ ಹಾಕಿದರೆ ಪ್ರಾಣಕ್ಕೇ ಪೆಟ್ಟು. ಮಲೆನಾಡಿನವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. 2011ರ ಟೆರಾರಿಯಾದಲ್ಲಿ ಊರಿನವರು ಬಂದು ನೆಲೆಸಬೇಕಾದರೆ ಕೋಣೆಗೆ ಗೋಡೆ, ಬಾಗಿಲು, ದೀಪ, ಮೇಜು, ಕುರ್ಚಿ ಇರಲೇಬೇಕು.

ಆಟದಲ್ಲಿ ಊರು ಕಟ್ಟುವುದು ಬರೀ ಮಕ್ಕಳ ಕೆಲಸವಲ್ಲ. 2014ರಲ್ಲಿ ಡೆನ್ಮಾರ್ಕಿನ ಸರ್ಕಾರಿ ಭೂಮಾಪನ ಸಂಸ್ಥೆ ಇಡೀ ದೇಶವನ್ನು ಇದ್ದ ಅಳತೆಯಲ್ಲೇ ಮೈನ್‌ಕ್ರಾಫ್ಟಿಗೆ ಇಳಿಸಿತು. 2012ರಲ್ಲಿ ಶುರುವಾದ ವಿಶ್ವಸಂಸ್ಥೆಯ ಬ್ಲಾಕ್ ಬೈ ಬ್ಲಾಕ್ ಯೋಜನೆಯಲ್ಲಿ ನೈರೋಬಿಯ ಕಿಬೇರಾದ ಜನ ತಮ್ಮ ಬಡಾವಣೆಯ ಸಾರ್ವಜನಿಕ ಜಾಗ ಹೇಗಿರಬೇಕೆಂದು ಈ ಆಟದಲ್ಲೇ ಕಟ್ಟಿ ತೋರಿಸಿದರು. ನಮ್ಮ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಲುವಾಂಟಿ ಹಾಕಿ, ಒಂದೊಂದು ತಂಡಕ್ಕೆ ನಗರದ ಕೋಟೆಯ ಒಂದೊಂದು ಭಾಗ ಕೊಟ್ಟರೆ ಇತಿಹಾಸವೂ ಗಣಿತವೂ ಒಟ್ಟಿಗೆ ಸಾಗುತ್ತವೆ. ಶಿಕ್ಷಕರು ಇದನ್ನು ಮಾಡಿ ನೋಡಬೇಕು.

ಮನೆಯವರಿಗೊಂದು ಕಿವಿಮಾತು: ಆಟದ ಹೊತ್ತನ್ನು ಗಂಟೆಯಲ್ಲಿ ಹೇಳದೆ ಆಟದ ದಿನಗಳಲ್ಲಿ ಹೇಳಿ. “ಇನ್ನೆರಡು ದಿನ ಆಡಿ ಮುಗಿಸು” ಎಂದರೆ ಹೆಚ್ಚೆಂದರೆ 40 ನಿಮಿಷ, ರಾತ್ರಿ ಮಲಗಿ ಕಳೆದರೆ ಇನ್ನೂ ಕಡಿಮೆ. ಕತ್ತಲಾಗಿ ಮಲಗಿದ ಹೊತ್ತಿಗೆ ಮಗು ತಾನೇ ನಿಲ್ಲಿಸಲು ಒಪ್ಪುತ್ತದೆ, ಅರ್ಧ ಕೆಲಸದಲ್ಲಿ ಎಬ್ಬಿಸಿದ ಸಿಟ್ಟು ಇರುವುದಿಲ್ಲ. ಮೊಬೈಲ್ ಆವೃತ್ತಿಯ ಮಾರ್ಕೆಟ್‌ಪ್ಲೇಸಿನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಬಣ್ಣಬಣ್ಣದ ಸಾಮಾನುಗಳಿವೆ. ಮೇಲೆ ಹೇಳಿದ ಯಾವುದಕ್ಕೂ ಅವು ಬೇಕಿಲ್ಲ.

ಕೊನೆಯದಾಗಿ, ಕಟ್ಟಿದ್ದನ್ನು ಉಳಿಸಿಕೊಳ್ಳಿ. ಜಾವಾ ಎಡಿಷನ್ನಿನಲ್ಲಿ ಸೇವ್ಸ್ ಎಂಬ ಫೋಲ್ಡರಿನೊಳಗೆ ನಿಮ್ಮ ಲೋಕದ ಹೆಸರಿನದೇ ಫೋಲ್ಡರ್ ಇರುತ್ತದೆ. ಅದನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ನಕಲು ಮಾಡಿ. ಮೊಬೈಲಿನಲ್ಲಿ ಆಡುವವರು ಲೋಕದ ಸೆಟ್ಟಿಂಗ್ಸಿಗೆ ಹೋಗಿ ಎಕ್ಸ್‌ಪೋರ್ಟ್ ಒತ್ತಬೇಕು, ಮೊಬೈಲಿನಿಂದ ಆಟ ತೆಗೆದುಹಾಕುವ ಮೊದಲಂತೂ ತಪ್ಪದೆ.