ಬ್ರೇಕ್ ಲಿವರ್ ಮೆತ್ತಗಾಗುವುದೇಕೆ?

ಪ್ರಶ್ನೆ: ಬೈಕಿನ ಮುಂದಿನ ಡಿಸ್ಕ್ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್‌ವರೆಗೂ ಬರುತ್ತದೆ. ಏನು ಕಾರಣ?

ಉತ್ತರ: ಬಹುಮಟ್ಟಿಗೆ ಪೈಪಿನೊಳಗೆ ಗಾಳಿ ಸೇರಿದೆ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ ಎನ್ನಬಹುದು, ಗಾಳಿ ಕುಗ್ಗುತ್ತದೆ; ನಿಮ್ಮ ಬೆರಳಿನ ಬಲವೆಲ್ಲ ಗುಳ್ಳೆ ಹಿಂಡುವುದರಲ್ಲೇ ಮುಗಿಯುತ್ತದೆ. ಲಿವರನ್ನು ನಾಲ್ಕೈದು ಸಲ ಬೇಗಬೇಗ ಒತ್ತಿ. ಗಟ್ಟಿಯಾಯಿತೇ? ಹಾಗಾದರೆ ಗಾಳಿಯದೇ ಕೆಲಸ. ಕ್ಯಾಲಿಪರಿನ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಗುಳ್ಳೆ ನಿಲ್ಲುವವರೆಗೂ ಆಯಿಲ್ ಹೊರಬಿಡಿಸಬೇಕು. ಅಷ್ಟರಲ್ಲಿ ಮೇಲಿನ ಆಯಿಲ್ ಡಬ್ಬಿ ಖಾಲಿಯಾದರೆ ಕೆಲಸ ಮೊದಲಿಂದ!

ಒತ್ತಿ ಹಿಡಿದಾಗ ಲಿವರ್ ಮೆಲ್ಲಗೆ ಒಳಕ್ಕೆ ಸರಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ ಸೀಲ್ ನೋಡಿಸಿ.

ಘಾಟಿ ಇಳಿಯುವಾಗ ಮಾತ್ರ ಮೆತ್ತಗಾದರೆ ಆಯಿಲ್ ಹಳತಾಗಿರಬೇಕು. ಅದು ತೇವ ಹೀರುತ್ತದೆ. ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ನೀರು ಹೀರಿದ್ದು ಬ್ರೇಕ್ ಬಿಸಿಗೆ 155ರ ಸುಮಾರಿಗೇ ಕುದಿದು ಗುಳ್ಳೆ ಏಳಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಟ್ಯಾಂಕಿನ ಮೇಲೆ ಚೆಲ್ಲಿದರೆ ಮಾತ್ರ ತಕ್ಷಣ ನೀರು ಹಾಕಿ ತೊಳೆಯಿರಿ, ಬಣ್ಣ ಕಿತ್ತುಬರುತ್ತದೆ.